ಮಳೆಗಾಲದ ಮಲೆನಾಡು ಸುತ್ತು: ನಡುದಾರಿಯಲ್ಲಿ ಗಾಡಿ ಕೈಕೊಟ್ಟರೆ?

ಬಯಲುಸೀಮೆ ಸವಾರ

ಎಲ್ಲರಿಗೂ ನಮಸ್ಕಾರ. ಆಗಸ್ಟಿನಲ್ಲಿ ಎರಡು ಗಾಡಿ, ಮೂರು ಜನ ಹೊರಡ್ತಿದ್ದೀವಿ. ದಾರಿ: ಬೆಂಗಳೂರು, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಕಳಸ, ಕುದುರೆಮುಖ, ಕಾರ್ಕಳ, ಉಡುಪಿ. ವಾಪಸ್ ಬರೋದು ಹೆಬ್ರಿ, ಆಗುಂಬೆ, ತೀರ್ಥಹಳ್ಳಿ, ಶಿವಮೊಗ್ಗ ಮೇಲೆ.

ಒಂದು ಗಾಡಿ 2018ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ನಮ್ಮ ಬಾಯಲ್ಲಿ ಬುಲೆಟ್. ಕಾರ್ಬುರೇಟರ್, ಸ್ಪೋಕ್ ವೀಲ್, ಟ್ಯೂಬ್ ಟೈರ್. ಇನ್ನೊಂದು ಬಿಎಸ್6 ಎಫ್ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರೋದು), 160 ಸಿಸಿ, ಅಲಾಯ್ ವೀಲ್, ಟ್ಯೂಬ್‌ಲೆಸ್. ಸರ್ವಿಸ್, ಆಯಿಲ್, ಬ್ರೇಕ್ ಪ್ಯಾಡ್ ಎಲ್ಲ ಮುಗಿಸೇ ಹೊರಡೋದು, ಅದನ್ನ ಮತ್ತೆ ಹೇಳೋದು ಬೇಡ. ನನ್ನ ಪ್ರಶ್ನೆ ಇಷ್ಟು:

ಕಳಸ ದಾಟಿದ ಮೇಲೆ ಬುಲೆಟ್ ಹಿಂದಿನ ಟೈರ್ ಪಂಕ್ಚರ್ ಆದರೆ ನಾವೇ ಹಾಕಿಕೊಳ್ಳೋಕೆ ಆಗುತ್ತಾ? ಮಳೆಯಲ್ಲಿ ಗಾಡಿ ಬಂದ್ ಆದರೆ ಯಾವುದರಿಂದ ಹುಡುಕೋಕೆ ಶುರು ಮಾಡಬೇಕು? ಏನೂ ಆಗಲ್ಲ ಅಂತಾದರೆ ಗಾಡಿ ಬೆಂಗಳೂರಿಗೆ ಹೇಗೆ ಸಾಗಿಸೋದು? ಸಾಮಾನು ಏನೇನು ಇಟ್ಟುಕೊಳ್ಳಬೇಕು? ಗ್ಯಾರೇಜನ್ನೇ ಹೊತ್ತುಕೊಂಡು ಹೋಗೋ ಆಸೆ ಇಲ್ಲ.

ಟ್ಯೂಬುಟೈರು

ನಾನು ಟೈರಿನ ವಿಷಯ ಮಾತ್ರ ಹೇಳ್ತೀನಿ. ನಿಮ್ಮ ಸುತ್ತಿನಲ್ಲಿ ನಿಲ್ಲಿಸಿ ಕೂರಿಸೋ ಸಾಧ್ಯತೆ ಹೆಚ್ಚಿರೋದು ಬುಲೆಟ್ಟಿನ ಹಿಂದಿನ ಟ್ಯೂಬೇ. ಮುಂದಿನ ಚಕ್ರ ಹತ್ತಿದಾಗ ಮಲಗಿದ್ದ ಮೊಳೆ ಎದ್ದು ನಿಲ್ಲುತ್ತೆ, ಹಿಂದಿನದು ಅದನ್ನ ನುಂಗುತ್ತೆ. ಅದಕ್ಕೇ ಪಂಕ್ಚರ್ ಹೆಚ್ಚಾಗಿ ಹಿಂದೆ.

ಟ್ಯೂಬ್‌ಲೆಸ್ ಆದರೆ ಮೊಳೆ ಅಲ್ಲೇ ಕೂತು ಗಾಳಿ ಮೆಲ್ಲಗೆ ಇಳಿಯುತ್ತೆ. ಟ್ಯೂಬಿನಲ್ಲಿ ಹಾಗಲ್ಲ. ತೂತಿನಿಂದ ಬಿಟ್ಟ ಗಾಳಿ ಸ್ಪೋಕಿನ ಸಂದಿಯಿಂದ, ವಾಲ್ (ಗಾಳಿ ತುಂಬೋ ಮೂತಿ) ತೂತಿನಿಂದ ಎಲ್ಲ ಕಡೆಯಿಂದ ಹೊರಗೆ ಬರುತ್ತೆ, ನೋಡ್ತಿದ್ದಂತೆ ಚಪ್ಪಟೆ. ಗಾಡಿ ಹಿಂದೆ ಓಲಾಡಿತು ಅಂತ ಅನ್ನಿಸಿದ ಕೂಡಲೇ ಎಕ್ಸಲೇಟರ್ ಬಿಡಿ, ಹಿಂದಿನ ಬ್ರೇಕ್ ಮುಟ್ಟಬೇಡಿ, ಮುಂದಿನದನ್ನ ಮೆಲ್ಲಗೆ ಹಿಡಿದು ನಿಲ್ಲಿಸಿ. "ಮುಂದಿನ ಊರು ಎರಡೇ ಕಿಲೋಮೀಟರ್" ಅಂತ ಓಡಿಸಿದರೆ ಟ್ಯೂಬ್ ಮಡಚಿಕೊಂಡು ಹರಿಯುತ್ತೆ, ವಾಲ್ ಬುಡದಿಂದ ಕಿತ್ತುಬರುತ್ತೆ. ಬುಡ ಕಿತ್ತ ಟ್ಯೂಬಿಗೆ ಪ್ಯಾಚ್ ಕೂರಲ್ಲ, ಬಿಸಾಡೋದೇ.

ಮೊಳೆ ಕಣ್ಣಿಗೆ ಕಂಡರೆ ಚಕ್ರ ಬಿಚ್ಚೋ ಅಗತ್ಯವೇ ಇಲ್ಲ. ಇದು ಬಹಳ ಜನಕ್ಕೆ ಹೊಳೆಯಲ್ಲ. ಮೇನ್ ಸ್ಟ್ಯಾಂಡ್ ಹಾಕಿ (ನೆಲ ಕೆಸರಾಗಿದ್ದರೆ ಸ್ಟ್ಯಾಂಡಿನ ಎರಡೂ ಕಾಲಡಿ ಚಪ್ಪಟೆ ಕಲ್ಲು), ಚಕ್ರ ಮೆಲ್ಲಗೆ ತಿರುಗಿಸಿ ಮೊಳೆ ಹುಡುಕಿ. ಕೀಳೋ ಮೊದಲು ಆ ಜಾಗದ ಸುತ್ತ ಸೀಮೆಸುಣ್ಣದಲ್ಲೋ ಪೆನ್ನಿನಲ್ಲೋ ಗುರುತು ಹಾಕಿ. ಆಮೇಲೆ ಕಟಿಂಗ್ ಪ್ಲೇಯರ್‌ನಿಂದ ಕೀಳಿ. ವಾಲ್ ಪಿನ್ ಬಿಚ್ಚಿ ಉಳಿದ ಗಾಳಿ ಪೂರ್ತಿ ಬಿಡಿ. ಚೈನ್ ಇಲ್ಲದ ಬದಿಯಲ್ಲಿ ಟೈರಿನ ಅಂಚನ್ನ ಸುತ್ತಲೂ ರಿಮ್ಮಿನಿಂದ ಬಿಡಿಸಿ ಒಳಕ್ಕೆ ಒತ್ತಿ. ಮೊಳೆ ಇದ್ದ ಜಾಗಕ್ಕೆ ನೇರ ಎದುರಿನ ಅಂಚು ರಿಮ್ಮಿನ ನಡುವಿನ ಹಳ್ಳಕ್ಕೆ ಇಳಿಯಲೇಬೇಕು, ಆಗ ಮಾತ್ರ ಈ ಕಡೆ ಸಡಿಲ ಸಿಗುತ್ತೆ. ಅಲ್ಲಿ ಇಳಿಸದೆ ಇಲ್ಲಿ ಟೈರ್ ಲಿವರ್ (ಅಂಚು ಎಬ್ಬಿಸೋ ಕಬ್ಬಿಣದ ಪಟ್ಟಿ) ಹಾಕಿ ಎಷ್ಟು ಜಗ್ಗಿದರೂ ರಿಮ್ ಸೊಟ್ಟ ಆಗುತ್ತೆಯೇ ಹೊರತು ಟೈರ್ ಬರಲ್ಲ. ಎರಡು ಲಿವರ್ ಒಂದು ಗೇಣು ಅಂತರದಲ್ಲಿ ಹಾಕಿ ಅಷ್ಟು ಭಾಗದ ಅಂಚು ಮಾತ್ರ ಹೊರಗೆ ತೆಗೆಯಿರಿ, ಕೈ ಹಾಕಿ ಟ್ಯೂಬಿನ ಆ ತುಂಡನ್ನ ಆಚೆಗೆ ಎಳೆದುಕೊಳ್ಳಿ.

ಪ್ಯಾಚ್ ಕೀಳೋಕೆ ಕಾರಣ ಎರಡೇ: ತೇವ ಮತ್ತು ಆತುರ. ಮಳೆ ಬರ್ತಿದ್ದರೆ ಇನ್ನಿಬ್ಬರು ರೈನ್‌ಕೋಟ್ ಚಾಚಿ ಮರೆ ಹಿಡಿಯಲಿ. ಟ್ಯೂಬ್ ಒರೆಸಿ, ಪ್ಯಾಚಿಗಿಂತ ಸ್ವಲ್ಪ ದೊಡ್ಡ ಜಾಗ ಮರಳು ಕಾಗದದಿಂದ ಹೊಳಪು ಹೋಗೋ ತನಕ ಉಜ್ಜಿ. ಟ್ಯೂಬಿನ ನಡುವೆ ಉದ್ದಕ್ಕೆ ಒಂದು ಗೆರೆ ಉಬ್ಬಿರುತ್ತೆ, ಅದು ಪ್ಯಾಚಿನ ಕೆಳಗೆ ಬಂದರೆ ಅದನ್ನೂ ಉಜ್ಜಿ ಸಮ ಮಾಡಿ, ಇಲ್ಲದಿದ್ದರೆ ಗಾಳಿ ಆ ಗೆರೆಗುಂಟ ಸೋರುತ್ತೆ. ಸಲ್ಯೂಷನ್ (ಪಂಕ್ಚರ್ ಅಂಟು) ತೆಳುವಾಗಿ ಬಳಿದು ಕೈಗೆ ಅಂಟದ ಹಾಗೆ ಆಗೋ ತನಕ ಬಿಡಿ. ಬಿಸಿಲಿಗೆ 3 ನಿಮಿಷ ಸಾಕಾಗೋದು ಮಳೆಗಾಲದಲ್ಲಿ 8-10 ನಿಮಿಷವೂ ಹಿಡಿಯುತ್ತೆ. ಹಸಿ ಇರುವಾಗಲೇ ಪ್ಯಾಚ್ ಒತ್ತಿದರೆ ಗಾಡಿ ಬಿಸಿಯಾಗ್ತಿದ್ದಂತೆ ಜಾರುತ್ತೆ. ಒತ್ತಿದ ಮೇಲೆ ಲಿವರ್ ಬೆನ್ನಿನಿಂದ ನಡುವಿನಿಂದ ಅಂಚಿಗೆ ಉಜ್ಜಿ, ಮೇಲೆ ಸ್ವಲ್ಪ ಪೌಡರ್ ಉದುರಿಸಿ.

ಟ್ಯೂಬ್ ವಾಪಸ್ ಹಾಕೋ ಮೊದಲು ಟೈರಿನ ಒಳಗೆ ಬಟ್ಟೆ ಸುತ್ತಿದ ಬೆರಳು ಓಡಿಸಿ. ಎರಡನೇ ಮುಳ್ಳು ಇದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತೆ. ಟ್ಯೂಬಿಗೆ ಆಕಾರ ಬರೋವಷ್ಟು ಮಾತ್ರ ಗಾಳಿ ತುಂಬಿ ಒಳಗೆ ಕೂರಿಸಿ. ಖಾಲಿ ಟ್ಯೂಬ್ ಹಾಕಿದರೆ ಲಿವರಿಗೆ ಸಿಕ್ಕಿ ಇನ್ನೊಂದು ತೂತು ಖಾತ್ರಿ. ಕೊನೆಯ ಒಂದು ಗೇಣು ಅಂಚಿಗೆ ಸೋಪಿನ ನೀರು ಬಳಿದು, ಆದಷ್ಟು ಲಿವರ್ ಇಲ್ಲದೆ ಅಂಗೈ ಬುಡದಲ್ಲೇ ಒತ್ತಿ ಹಾಕಿ.

ಮೊಳೆ ಕಾಣದಿದ್ದರೆ, ಟ್ಯೂಬ್ ಹರಿದಿದ್ದರೆ ಚಕ್ರ ಬಿಚ್ಚಲೇಬೇಕು. ಅದನ್ನ ಹೊರಡೋ ಮೊದಲು ಮನೆ ಮುಂದೆ ಒಂದು ಸಲ ಬಿಚ್ಚಿ ಹಾಕಿ ನೋಡಿ, ದಯವಿಟ್ಟು. ಆಕ್ಸಲ್ ನಟ್ಟಿಗೆ ಯಾವ ಸ್ಪಾನರ್ ಕೂರುತ್ತೆ, ಗ್ಯಾರೇಜಿನವರು ಗನ್ನಿನಲ್ಲಿ ಬಿಗಿದದ್ದು ನಿಮ್ಮ ಕೈಗೆ ಬಿಡುತ್ತಾ, ಬುಷ್, ವಾಷರ್ ಯಾವ ಕಡೆಯದು ಅಂತ ಅವತ್ತೇ ಗೊತ್ತಾಗುತ್ತೆ. ಬಿಚ್ಚಿದ ಚಕ್ರ ನೆಲದ ಮೇಲೆ ಮಲಗಿಸಿದಾಗ ಅಂಚು ಬಿಡದಿದ್ದರೆ ಇನ್ನೊಂದು ಗಾಡಿ ತಂದು ಅದರ ಸೈಡ್ ಸ್ಟ್ಯಾಂಡನ್ನ ರಿಮ್ಮಿನ ಪಕ್ಕದಲ್ಲೇ ಟೈರಿನ ಮೇಲೆ ಇಳಿಸಿ ಭಾರ ಬಿಡಿ, ಪಟ್ಟಂತ ಬಿಡುತ್ತೆ. ಹೊಸ ಟ್ಯೂಬ್ ಹಾಕುವಾಗ ವಾಲ್ ಹತ್ತಿರದ ಅಂಚು ಕೊನೆಗೆ ಬರಬೇಕು. ವಾಲ್ ಬುಡ ಅಡ್ಡ ಇರೋದರಿಂದ ಅಲ್ಲಿ ಅಂಚು ಹಳ್ಳಕ್ಕೆ ಇಳಿಯಲ್ಲ.

ನಿಮ್ಮ ಗಾಡಿಗೆ ಹಿಂದೆ 110/90-18, ಮುಂದೆ 90/90-19. ಟೈರ್ ಬದಲಾಯಿಸಿದ್ದರೆ ಪಕ್ಕದಲ್ಲಿ ಅಚ್ಚಾಗಿರೋದನ್ನೇ ನೋಡಿ ಟ್ಯೂಬ್ ತಗೊಳ್ಳಿ. ಹಿಂದಿನದೊಂದು ಸ್ಪೇರ್ ಕಡ್ಡಾಯ. ಪಂಕ್ಚರ್ ಅಂಗಡಿ ಸಿಕ್ಕರೂ ಆ ಅಳತೆಯ ಟ್ಯೂಬ್ ಅವರ ಹತ್ತಿರ ಇರುತ್ತೆ ಅನ್ನೋ ಭರವಸೆ ಇಲ್ಲ. ಸ್ಪ್ಲೆಂಡರ್ ಟ್ಯೂಬ್ ಮಾತ್ರ ಎಲ್ಲೆಡೆ ನೇತಾಡ್ತಿರುತ್ತೆ.

ಎಫ್ಐ ಗಾಡಿಯ ಟ್ಯೂಬ್‌ಲೆಸ್ಸಿಗೆ ಟೈರ್ ಪ್ಲಗ್ ಕಿಟ್ (ತೂತಿಗೆ ತುರುಕೋ ರಬ್ಬರ್ ಪಟ್ಟಿ, ಸೂಜಿ) ಸಾಕು. ಪಟ್ಟಿಗೆ ಸಲ್ಯೂಷನ್ ಹಚ್ಚಿ ಸೂಜಿಗೆ ಪೋಣಿಸಿ ರೆಡಿ ಇಟ್ಟುಕೊಂಡ ಮೇಲೇ ಮೊಳೆ ಕೀಳಿ. ಮೊಳೆ ಹೋದ ಕೋನದಲ್ಲೇ ರೀಮರ್ (ತೂತು ಉಜ್ಜೋ ಒರಟು ಕಡ್ಡಿ) ಆಡಿಸಿ, ಪಟ್ಟಿಯ ಮುಕ್ಕಾಲು ಭಾಗ ಒಳಗೆ ತಳ್ಳಿ, ಸೂಜಿ ಜೋರಾಗಿ ಒಂದೇ ಸಲ ಎಳೆಯಿರಿ, ಹೊರಗಿನದನ್ನ 3-4 ಮಿಮೀ ಬಿಟ್ಟು ಕತ್ತರಿಸಿ. ಟೈರಿನ ಪಕ್ಕೆಯಲ್ಲಿ ತೂತಾದರೆ ಪ್ಲಗ್ ನಂಬಿ ಘಾಟಿ ಇಳಿಯಬೇಡಿ. ಗುಂಡಿಗೆ ಬಿದ್ದು ಅಲಾಯ್ ಅಂಚು ಬಗ್ಗಿ ಗಾಳಿ ಸೋರಿದರೆ ಪ್ಲಗ್ ಕೆಲಸಕ್ಕೆ ಬರಲ್ಲ, ಆ ಟೈರಿನೊಳಗೇ ಒಂದು ಟ್ಯೂಬ್ ಹಾಕಿಸಿಕೊಂಡು ಊರು ಸೇರಬಹುದು.

ಹನ್ನೆರಡು ವೋಲ್ಟು

ಮೇಲಿನವರು ಟೈರ್ ಮುಗಿಸಿದ್ದಾರೆ. ನಾನು ಬಂದ್ ಆಗೋ ಗಾಡಿ ಬಗ್ಗೆ.

ಮೊದಲು ಯಾವ ರೀತಿ ಬಂದ್ ಆಯ್ತು ಅನ್ನೋದನ್ನ ಗಮನಿಸಿ, ಅರ್ಧ ಉತ್ತರ ಅಲ್ಲೇ ಇದೆ. ಸ್ವಿಚ್ ಆರಿಸಿದ ಹಾಗೆ ಒಮ್ಮೆಲೇ ಸತ್ತರೆ ಕರೆಂಟ್. ಎಳೆದು ಎಳೆದು, ಮುಗ್ಗರಿಸಿ ನಿಂತರೆ ಪೆಟ್ರೋಲ್. ಪಟ್ ಪಟ್ ಅಂತ ಸಿಡಿದು, ಮಳೆ ಜೋರಾದಾಗ ಹೆಚ್ಚಾದರೆ ಸ್ಪಾರ್ಕ್ ಪ್ಲಗ್ ಕ್ಯಾಪಿಗೆ ನೀರು.

ಸೀಟ್ ಬಿಚ್ಚೋ ಮೊದಲು ಕಿಲ್ ಸ್ವಿಚ್ (ಹ್ಯಾಂಡಲ್ ಮೇಲಿನ ಎಂಜಿನ್ ಆರಿಸೋ ಸ್ವಿಚ್), ಪೆಟ್ರೋಲ್ ಕಾಕ್ (ಟ್ಯಾಂಕ್ ಕೆಳಗಿನ ನಲ್ಲಿ), ಸೈಡ್ ಸ್ಟ್ಯಾಂಡ್ ನೋಡಿ. ನಗಬೇಡಿ, ರೈನ್‌ಕೋಟಿನ ತೋಳು ತಾಗಿ ಕಿಲ್ ಸ್ವಿಚ್ ಆಫ್ ಆಗಿರೋದು ಬಹಳ ಸಾಮಾನ್ಯ.

ಕೀ ಹಾಕಿದಾಗ ಲೈಟೇ ಇಲ್ಲ ಅಂದರೆ ಫ್ಯೂಸ್ ಇಲ್ಲವೇ ಬ್ಯಾಟರಿ ಟರ್ಮಿನಲ್. ಟರ್ಮಿನಲ್ ಬೋಲ್ಟ್ ಕೈಯಲ್ಲಿ ಅಲ್ಲಾಡಿಸಿ ನೋಡಿ, ಬುಲೆಟ್ಟಿನ ನಡುಕಕ್ಕೆ ಸಡಿಲ ಆಗುತ್ತೆ. ಫ್ಯೂಸ್ ಹೋಗಿದ್ದರೆ ಅದೇ ಆಂಪಿಯರಿನದನ್ನೇ ಹಾಕಿ. ಮತ್ತೆ ಹೋಯಿತೋ, ಎಲ್ಲೋ ವೈರ್ ಉಜ್ಜಿ ಗಾಡಿಯ ಲೋಹಕ್ಕೆ ತಾಗ್ತಿದೆ. ಹ್ಯಾಂಡಲ್ ತಿರುಗುವ ಕುತ್ತಿಗೆ ಹತ್ತಿರ, ಟ್ಯಾಂಕ್ ಕೆಳಗೆ, ಹಿಂದಿನ ಮಡ್‌ಗಾರ್ಡ್ ಒಳಗೆ ಹುಡುಕಿ. ಗುಟ್ಕಾ ಪಾಕೀಟಿನ ಬೆಳ್ಳಿ ಕಾಗದ ಸುತ್ತಿ ಫ್ಯೂಸ್ ಮಾಡೋ ಮಹಾನುಭಾವರು ಸಿಗ್ತಾರೆ, ಒಪ್ಪಬೇಡಿ. ಫ್ಯೂಸ್ ಉಳಿಯುತ್ತೆ, ವೈರಿಂಗ್ ಉರಿಯುತ್ತೆ.

ಲೈಟ್ ಇದೆ, ಸೆಲ್ಫ್ ಒತ್ತಿದರೆ ಕಟಕಟ ಸದ್ದು ಮಾತ್ರ ಅಂದರೆ ಬ್ಯಾಟರಿ ಇಳಿದಿದೆ. ಒಂದು ಚಿಕ್ಕ ಮಲ್ಟಿಮೀಟರ್ ಇಟ್ಟುಕೊಳ್ಳಿ. ಗಾಡಿ ಆಫ್ ಇದ್ದಾಗ 12.6ರ ಆಸುಪಾಸು ಇದ್ದರೆ ಬ್ಯಾಟರಿ ಚೆನ್ನಾಗಿದೆ, 12ಕ್ಕಿಂತ ಕೆಳಗಿದ್ದರೆ ಖಾಲಿ. ಸ್ಟಾರ್ಟ್ ಮಾಡಿ ಎಕ್ಸಲೇಟರ್ ಸ್ವಲ್ಪ ಏರಿಸಿ ಟರ್ಮಿನಲ್ಲಿಗೆ ಹಿಡಿದಾಗ 13.8ರಿಂದ 14.5 ಬರಬೇಕು. 13ರ ಕೆಳಗೇ ಉಳಿದರೆ ಚಾರ್ಜ್ ಆಗ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ (ಬ್ಯಾಟರಿಗೆ ಹೋಗೋ ವೋಲ್ಟೇಜ್ ಹಿಡಿತದಲ್ಲಿಡೋದು) ಹೋಗಿದೆ, ಬ್ಯಾಟರಿ ಉಬ್ಬೋ ಮೊದಲು ನಿಲ್ಲಿಸಿ.

ಚಾರ್ಜ್ ಆಗ್ತಿಲ್ಲ ಅಂದ ಕೂಡಲೇ ರೆಗ್ಯುಲೇಟರ್ ಮೇಲೆ ತಪ್ಪು ಹೊರಿಸಬೇಡಿ. ಎಂಜಿನ್ ಕಡೆಯಿಂದ ಅದಕ್ಕೆ ಬರೋ ಕಪ್ಲರ್ (ವೈರ್ ಜೋಡಿಸೋ ಪ್ಲಾಸ್ಟಿಕ್ ಕೊಂಡಿ) ತೆಗೆದು ನೋಡಿ, ಬಹಳ ಸಲ ಅದೇ ಕರಗಿ ಕಪ್ಪಾಗಿರುತ್ತೆ. ಒಂದೇ ಬಣ್ಣದ ಮೂರು ವೈರ್ ಇದ್ದರೆ, ಕರಗಿದ ಕಪ್ಲರ್ ಕತ್ತರಿಸಿ ನೇರವಾಗಿ ಹೆಣೆದು ಒಂದೊಂದಕ್ಕೂ ಬೇರೆ ಬೇರೆ ಟೇಪ್ ಸುತ್ತಿ. ಆ ಮೂರರಲ್ಲಿ ಯಾವುದು ಯಾವುದಕ್ಕೆ ಸೇರಿದರೂ ತೊಂದರೆ ಇಲ್ಲ, ಆದರೆ ಒಂದಕ್ಕೊಂದು ತಾಗಬಾರದು.

ಈಗ ಮುಖ್ಯ ಮಾತು. 2017ರ ಏಪ್ರಿಲ್‌ನಿಂದ ಬಂದ ಗಾಡಿಗಳಿಗೆ ಹೆಡ್‌ಲೈಟ್ ಆರಿಸೋ ಸ್ವಿಚ್ಚೇ ಇಲ್ಲ. ನಿಮ್ಮ ಕ್ಲಾಸಿಕ್ಕಿನ 60/55 ವಾಟಿನ ಬಲ್ಬ್ ಒಂದೇ ನಾಲ್ಕೂವರೆ ಆಂಪಿಯರಿನಷ್ಟು ತಿನ್ನುತ್ತೆ. ಚಾರ್ಜಿಂಗ್ ಸತ್ತಿರುವಾಗ ಹಗಲಿನಲ್ಲಿ ಹೆಡ್‌ಲೈಟ್ ಬಲ್ಬಿನ ಹಿಂದಿನ ಸಾಕೆಟ್ ಎಳೆದುಬಿಡಿ, ಇಂಡಿಕೇಟರ್, ಹಾರ್ನ್ ಕಡಿಮೆ ಮಾಡಿ, ಮೊಬೈಲ್ ಚಾರ್ಜರ್ ಕಿತ್ತುಹಾಕಿ. ಕಾರ್ಬುರೇಟರ್ ಗಾಡಿಗೆ ಉಳಿಯೋ ಖರ್ಚು ಪ್ಲಗ್ಗಿನ ಕಿಡಿಯದು ಮಾತ್ರ, ಹತ್ತಿರದ ದೊಡ್ಡ ಊರು ಮುಟ್ಟಬಹುದು. ಮಧ್ಯದಲ್ಲಿ ಚಹಾಕ್ಕೆ ಅಂತ ಆಫ್ ಮಾಡಬೇಡಿ. ಎಫ್ಐ ಗಾಡಿಗೆ ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪ್, ಇಸಿಯು (ಎಂಜಿನ್ನಿನ ಕಂಪ್ಯೂಟರ್), ಇಂಜೆಕ್ಟರ್ ಎಲ್ಲಕ್ಕೂ ಕರೆಂಟ್ ಬೇಕು, ಅದು ಅಷ್ಟು ದೂರ ಬರಲ್ಲ. ಮಂಜು, ಕತ್ತಲೆ ಇದ್ದರೆ ಈ ಉಪಾಯ ಬೇಡ.

ಸೆಲ್ಫ್ ಚೆನ್ನಾಗಿ ತಿರುಗುತ್ತೆ, ಹತ್ತಲ್ಲ ಅಂದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ. ನಿಮ್ಮ ಕ್ಲಾಸಿಕ್ಕಿಗೆ ಎರಡು ಪ್ಲಗ್, ಎರಡನ್ನೂ ನೋಡಬೇಕು. ಒಂದೇ ಸತ್ತರೆ ಗಾಡಿ ಹತ್ತುತ್ತೆ, ಏರಿನಲ್ಲಿ ಎಳೆಯಲ್ಲ. ಪ್ಲಗ್ ತುದಿ ಒಣಗಿದ್ದರೆ ಪೆಟ್ರೋಲ್ ಬರ್ತಿಲ್ಲ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಕಿಡಿ ಇಲ್ಲ ಅಥವಾ ಪೆಟ್ರೋಲ್ ಜಾಸ್ತಿ. ಕ್ಯಾಪಿಗೆ ಸಿಕ್ಕಿಸಿದ ಪ್ಲಗ್ಗಿನ ಮೈ ಎಂಜಿನ್ನಿನ ಲೋಹಕ್ಕೆ ತಾಗಿಸಿ ಕಿಕ್ ಹೊಡೆದು ಕಿಡಿ ನೋಡಿ. ಪ್ಲಗ್ ತೂತಿನಿಂದ ದೂರ ಹಿಡಿಯಿರಿ, ಅಲ್ಲಿಂದ ಪೆಟ್ರೋಲ್ ಆವಿ ಬರ್ತಿರುತ್ತೆ. ಎಫ್ಐ ಗಾಡಿಯಲ್ಲಿ ಈ ಆಟ ಆಡಬೇಡಿ, ಹೊಸ ಪ್ಲಗ್ ಹಾಕಿ ನೋಡೋದೇ ಸುರಕ್ಷಿತ.

ಪೆಟ್ರೋಲ್ ಬರ್ತಿಲ್ಲ ಅಂದಾಗ ಟ್ಯಾಂಕ್ ಮುಚ್ಚಳ ತೆಗೆಯಿರಿ. ಸುಸ್ ಅಂತ ಗಾಳಿ ಎಳೆದುಕೊಂಡರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಲಕ್ಷಣ: ಸ್ವಲ್ಪ ದೂರ ಓಡಿ ನಿಲ್ಲುತ್ತೆ, ಹತ್ತು ನಿಮಿಷ ಬಿಟ್ಟರೆ ತಾನೇ ಹತ್ತುತ್ತೆ, ಮತ್ತೆ ಅಷ್ಟೇ ದೂರಕ್ಕೆ ನಿಲ್ಲುತ್ತೆ. ಇಂಥದ್ದಕ್ಕೆ ಕಾರ್ಬುರೇಟರ್ ಬಿಚ್ಚಿಸಿಕೊಂಡು ಕೂತವರಿದ್ದಾರೆ. ಟ್ಯಾಂಕ್ ಬ್ಯಾಗ್ ಆ ತೂತಿನ ಮೇಲೆ ಒತ್ತಿ ಕೂತಿದ್ದರೂ ಹೀಗೇ.

ಮಳೆಯ ನೀರು ಟ್ಯಾಂಕಿಗೆ ಇಳಿದಿದ್ದರೆ: ಕಾರ್ಬುರೇಟರಿನ ತಳದ ಡ್ರೈನ್ ಸ್ಕ್ರೂ ಸಡಿಲಿಸಿ ಬಂದದ್ದನ್ನ ಪಾರದರ್ಶಕ ಬಾಟಲಿಗೆ ಹಿಡಿಯಿರಿ. ನೀರು ತಳದಲ್ಲಿ ಬೇರೆಯಾಗಿ ಕಾಣುತ್ತೆ. ಎಥನಾಲ್ ಬೆರೆತ ಪೆಟ್ರೋಲ್ ಸ್ವಲ್ಪ ನೀರನ್ನ ತನ್ನೊಳಗೇ ಹೀರಿಕೊಳ್ಳುತ್ತೆ, ಮಿತಿ ಮೀರಿದಾಗ ಎಥನಾಲನ್ನೂ ಎಳೆದುಕೊಂಡು ಕೆಳಗೆ ಕೂರುತ್ತೆ. ಹಾಗಾಗಿ ಒಂದು ಲೋಟ ಬಸಿದು ಸುಮ್ಮನಾಗಬೇಡಿ, ಶುದ್ಧ ಪೆಟ್ರೋಲ್ ಬರೋ ತನಕ ಬಸಿಯಿರಿ. ಎಂಜಿನ್ ಆರಿರಲಿ, ಹತ್ತಿರ ಬೀಡಿ ಸಿಗರೇಟ್ ಬೇಡ.

ಎಫ್ಐ ಗಾಡಿಯ ಪೆಟ್ರೋಲ್ ಪೈಪ್ ದಾರಿಯಲ್ಲಿ ಬಿಚ್ಚಲೇಬೇಡಿ. ಒಳಗೆ ಸುಮಾರು 3 ಬಾರ್ ಒತ್ತಡ ಇರುತ್ತೆ, ಬಿಸಿ ಎಂಜಿನ್ ಮೇಲೆ ಚಿಮ್ಮುತ್ತೆ. ಕೀ ಹಾಕಿದಾಗ ಎರಡು ಮೂರು ಸೆಕೆಂಡ್ ಗುಂಯ್ ಅನ್ನೋ ಪಂಪ್ ಸದ್ದು ಬರುತ್ತಾ ಕೇಳಿ. ಬರದಿದ್ದರೆ ಫ್ಯೂಸ್, ಕಿಲ್ ಸ್ವಿಚ್, ರಿಲೇ. ಗಾಡಿ ಬಿದ್ದು ಎತ್ತಿದ ಮೇಲೆ ಹತ್ತದಿದ್ದರೆ ಕೀ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಅಡ್ಡ ಬಿದ್ದಾಗ ಎಂಜಿನ್ ಆರಿಸೋ ಸೆನ್ಸರ್ ಹಾಗೆ ಮಾತ್ರ ಮರಳುತ್ತೆ.

ಬಯಲುಸೀಮೆ ಸವಾರ

ಇಬ್ಬರಿಗೂ ಧನ್ಯವಾದ. ಹೆಡ್‌ಲೈಟ್ ಸಾಕೆಟ್ ಕೀಳೋದು ಹೊಳೆದೇ ಇರಲಿಲ್ಲ. ಇನ್ನೆರಡು: ಟ್ಯೂಬಿನೊಳಗೆ ಪಂಕ್ಚರ್ ಜೆಲ್ ಹಾಕಿಸಿದರೆ ಈ ಲಿವರ್ ಕಷ್ಟ ತಪ್ಪುತ್ತಾ? ಕ್ಲಚ್ ವೈರ್ ಆಗುಂಬೆ ತಿರುವಿನಲ್ಲಿ ಕಡಿದರೆ?

ಹಳೇ ಸ್ಪಾನರ್

ಜೆಲ್ ಟ್ಯೂಬ್‌ಲೆಸ್ಸಿಗೆ ಸರಿ. ಟ್ಯೂಬಿನಲ್ಲಿ ಮೊಳೆ ಅಲ್ಲಾಡಿ ಸೀಳಿಬಿಡುತ್ತೆ, ಸೀಳಿಗೆ ಜೆಲ್ ನಿಲ್ಲಲ್ಲ. ಮೇಲಾಗಿ ಜೆಲ್ ಸೋರಿದ ಟ್ಯೂಬಿಗೆ ಪ್ಯಾಚ್ ಅಂಟಿಸೋದು ನರಕ. ಬೇಡ.

ಕ್ಲಚ್ ವೈರ್ ಒಮ್ಮೆಲೇ ಕಡಿಯೋದು ಕಡಿಮೆ. ಹ್ಯಾಂಡಲ್ ಲಿವರಿನೊಳಗೆ ಕೂರೋ ಗುಂಡುನಿಪ್ಪಲ್ ಪಕ್ಕದಲ್ಲೇ ಒಂದೊಂದೇ ಎಳೆ ಬಿಡ್ತಾ ಬರುತ್ತೆ. ಹೊರಡೋ ಮೊದಲು ಲಿವರ್ ಒತ್ತಿ ಹಿಡಿದು ಅಲ್ಲಿ ಟಾರ್ಚ್ ಬಿಟ್ಟು ನೋಡಿ. ಒಂದೇ ಒಂದು ಎಳೆ ಮುಳ್ಳಿನ ಹಾಗೆ ಎದ್ದಿದ್ದರೂ ಬದಲಾಯಿಸಿ. ದಾರಿಯಲ್ಲಿ ದಿನಕ್ಕೊಮ್ಮೆ ಅಡ್ಜಸ್ಟ್ ಮಾಡಬೇಕಾಗಿ ಬಂದರೆ ಅದೇ ಮುನ್ಸೂಚನೆ.

ಸ್ಪೇರ್ ವೈರನ್ನ ಬ್ಯಾಗಿನಲ್ಲಿ ಸುತ್ತಿ ಇಡೋದಕ್ಕಿಂತ ಹಳೆಯದರ ಪಕ್ಕದಲ್ಲೇ ಅದೇ ದಾರಿಯಲ್ಲಿ ಓಡಿಸಿ, ಎರಡೂ ತುದಿಗೆ ಟೇಪ್ ಹಾಕಿ ನೀರು ಹೋಗದಂತೆ ಮುಚ್ಚಿ ಕೇಬಲ್ ಟೈ ಬಿಗಿಯಿರಿ. ಟ್ಯಾಂಕ್ ಎತ್ತೋದು ತಪ್ಪುತ್ತೆ. ಕಡಿದಾಗ ಎರಡು ತುದಿ ಸಿಕ್ಕಿಸಿ, ಲಿವರ್ ತುದಿಯಲ್ಲಿ 2-3 ಮಿಮೀ ಸಡಿಲ ಉಳಿಯೋ ಹಾಗೆ ಅಡ್ಜಸ್ಟರ್ ತಿರುಗಿಸಿದರೆ ಮುಗಿಯಿತು. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ತಿರುಗಿಸಿದಾಗ ಎಂಜಿನ್ ಸದ್ದು ಏರಿದರೆ ಅಥವಾ ಕ್ಲಚ್ ಎಳೆದುಕೊಂಡರೆ ವೈರ್ ಎಲ್ಲೋ ಬಿಗಿಯಾಗಿದೆ.

ಸ್ಪೇರ್ ಇಲ್ಲದೆ ಕಡಿದರೆ ಸಮತಟ್ಟು ರಸ್ತೆಯಲ್ಲಿ ಕ್ಲಚ್ ಇಲ್ಲದೆಯೂ ಓಡಿಸಬಹುದು. ನ್ಯೂಟ್ರಲಿನಲ್ಲಿ ಸ್ಟಾರ್ಟ್ ಮಾಡಿ, ಕಾಲಿನಿಂದ ತಳ್ಳಿ ಗಾಡಿ ನಡಿಗೆಗಿಂತ ಸ್ವಲ್ಪ ಜೋರಾದಾಗ ಒಂದನೇ ಗೇರ್ ಒತ್ತಿ. ಮೇಲಿನ ಗೇರಿಗೆ ಎಕ್ಸಲೇಟರ್ ಕ್ಷಣ ಬಿಟ್ಟು ಅದೇ ಕ್ಷಣಕ್ಕೆ ಗೇರ್ ಎತ್ತಿ. ನಿಲ್ಲಿಸೋ ಮೊದಲೇ ನ್ಯೂಟ್ರಲ್. ಆದರೆ ಆಗುಂಬೆ ಘಾಟಿಯಲ್ಲಿ ಇದು ಬೇಡವೇ ಬೇಡ. 14 ಹೇರ್‌ಪಿನ್ ತಿರುವು, ನೀವು ಹತ್ತೋ ದಿಕ್ಕು, ಬಸ್ಸು ಎದುರಾದರೆ ತಿರುವಿನ ಹೊಟ್ಟೆಯಲ್ಲೇ ನಿಲ್ಲಬೇಕು, ನಿಂತರೆ ಏರಿನಲ್ಲಿ ಕ್ಲಚ್ ಇಲ್ಲದೆ ಹೊರಡೋಕೆ ಆಗಲ್ಲ. ಅನುಮಾನ ಇದ್ದರೆ ಸೋಮೇಶ್ವರದಲ್ಲೇ ನಿಲ್ಲಿಸಿ ವೈರ್ ಹಾಕಿಕೊಂಡು ಹತ್ತಿ.

ಎಕ್ಸಲೇಟರ್ ವೈರ್ ಕಡಿದರೆ ಕಾರ್ಬುರೇಟರಿನ ಐಡಲ್ ಸ್ಕ್ರೂ ಏರಿಸಿ ಎಂಜಿನ್ ಸ್ವಲ್ಪ ಜೋರಾಗಿ ಓಡುವ ಹಾಗೆ ಮಾಡಿ ಒಂದು, ಎರಡನೇ ಗೇರಿನಲ್ಲಿ ಮೆಲ್ಲಗೆ ಬರಬಹುದು. ಸ್ಕ್ರೂ ಬಿಗಿಯೋ ನಿಪ್ಪಲ್ ಎರಡು ಇಟ್ಟುಕೊಳ್ಳಿ, ತುದಿ ಕಡಿದ ವೈರಿಗೆ ಅದೇ ಮದ್ದು.

ಇನ್ನು ಸಾಮಾನು. ಕಂಪನಿ ಟೂಲ್ ಕಿಟ್ಟಿನ ಸ್ಪಾನರ್ ನಂಬಬೇಡಿ, ಬಾಗುತ್ತೆ. 8, 10, 12, 13, 14 ಸ್ಪಾನರ್, ನಿಮ್ಮ ಎರಡೂ ಗಾಡಿಯ ಆಕ್ಸಲ್ ನಟ್ಟಿಗೆ ಕೂರೋದು, ಪ್ಲಗ್ ಪಾನ, ಎರಡು ಮುಖದ ಸ್ಕ್ರೂ ಡ್ರೈವರ್, ಅಲೆನ್ ಕೀ ಸೆಟ್, ಕಟಿಂಗ್ ಪ್ಲೇಯರ್. ಮೂರು ಟೈರ್ ಲಿವರ್ (ಎರಡರಲ್ಲಿ ಒಂದು ಯಾವಾಗಲೂ ಕೈಜಾರುತ್ತೆ), ಪ್ಯಾಚ್, ಹೊಸ ಸಲ್ಯೂಷನ್ ಟ್ಯೂಬ್. ಒಮ್ಮೆ ಒಡೆದ ಸಲ್ಯೂಷನ್ ಮುಂದಿನ ಪ್ರವಾಸಕ್ಕೆ ಗಟ್ಟಿಯಾಗಿರುತ್ತೆ. ಟೈರ್ ಪ್ಲಗ್ ಕಿಟ್, ಗಾಳಿ ಪಂಪ್. 12 ವೋಲ್ಟಿನ ಪಂಪ್ ಆದರೆ ನೇರ ಬ್ಯಾಟರಿಗೆ, ಫ್ಯೂಸ್ ಇರೋ ವೈರಿನಿಂದ, ಎಂಜಿನ್ ಓಡುವಾಗ. ಮೊಬೈಲ್ ಚಾರ್ಜರ್ ಸಾಕೆಟ್ಟಿಗೆ ಸಿಕ್ಕಿಸಿದರೆ ಫ್ಯೂಸ್ ಹಾರುತ್ತೆ. ಸ್ಪಾರ್ಕ್ ಪ್ಲಗ್ ಪ್ರತಿ ಗಾಡಿಗೂ ಅದರದರದು, ಫ್ಯೂಸ್ 10, 15, 20, ಎರಡು ಮೀಟರ್ ವೈರ್, ಇನ್ಸುಲೇಷನ್ ಟೇಪ್, ಕೇಬಲ್ ಟೈ, ಕಟ್ಟುತಂತಿ, ಎಂ-ಸೀಲ್, ಕ್ಲಚ್ ಮತ್ತು ಬ್ರೇಕ್ ಲಿವರ್ ಒಂದೊಂದು. ಚೈನಿಗೆ ಅದೇ ಅಳತೆಯ ಲಾಕ್ ಲಿಂಕ್. ಹಾಕುವಾಗ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡೋ ದಿಕ್ಕಿಗೆ ಇರಬೇಕು. ತಲೆಗೆ ಕಟ್ಟೋ ಟಾರ್ಚ್, ಒಂದು ತಾಡಪಾಲಿನ ತುಂಡು. ಕೂತು ಕೆಲಸ ಮಾಡೋಕೂ ಬೇಕು, ಬಿಚ್ಚಿದ ನಟ್ಟು ಹುಲ್ಲಿನಲ್ಲಿ ಮಾಯ ಆಗದ ಹಾಗೆ ಇಡೋಕೂ ಬೇಕು. ಮೂರು ಜನ ಹಂಚಿಕೊಂಡರೆ ಭಾರವೇ ಅಲ್ಲ.

ಕೊಟ್ಟಿಗೆಹಾರದ ಕಡೆಯವ

ನಮ್ಮ ಕಡೆ ಬರ್ತಿದ್ದೀರಿ ಅಂದಮೇಲೆ ಊರಿನ ಮಾತು ಸ್ವಲ್ಪ.

ಗಾಡಿ ಕೆಟ್ಟ ಜಾಗದಲ್ಲೇ ಕೂರಬೇಡಿ. ತಿರುವಿನಲ್ಲಿ ನಿಂತಿದ್ದರೆ ಎರಡೂ ಕಡೆಯಿಂದ ಕಾಣೋ ಜಾಗಕ್ಕೆ ತಳ್ಳಿ. ಮಂಜಿನಲ್ಲಿ ಇಂಡಿಕೇಟರ್ ಯಾರಿಗೂ ಕಾಣಲ್ಲ. ಇಲ್ಲಿನ ಲಾರಿ, ಜೀಪಿನವರು ಮಾಡೋ ಹಾಗೆ ಸೊಪ್ಪಿನ ಕೊಂಬೆ ಮುರಿದು ಗಾಡಿಗೆ ಮೂವತ್ತು ನಲವತ್ತು ಹೆಜ್ಜೆ ಹಿಂದೆ ಒಂದು, ಮುಂದೆ ಒಂದು ರಸ್ತೆ ಅಂಚಿಗೆ ಹಾಕಿ. ಘಟ್ಟದ ಡ್ರೈವರುಗಳಿಗೆ ಅರ್ಥ ಆಗುತ್ತೆ. ಕಲ್ಲು ಇಡಬೇಡಿ, ಹೊರಡುವಾಗ ಕೊಂಬೆ ತೆಗೆದು ಹೋಗಿ.

ಮೂಡಿಗೆರೆ ಸುತ್ತಮುತ್ತ ಕಾಡಾನೆ ಓಡಾಟ ಇದೆ. ಸಂಜೆ ಕವಿದ ಮೇಲೆ ತೋಟದ ಅಂಚಿನಲ್ಲಿ ಟಾರ್ಚ್ ಹಾಕಿಕೊಂಡು ರಿಪೇರಿಗೆ ಕೂರೋದು ಬೇಡ. ಗಾಡಿ ಲಾಕ್ ಮಾಡಿ, ಬಂದ ವಾಹನ ಹತ್ತಿ ಊರು ಸೇರಿ, ಬೆಳಿಗ್ಗೆ ಬನ್ನಿ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಚೆಕ್‌ಪೋಸ್ಟಿನಲ್ಲಿ ಸಮಯ ಬರೆದ ಚೀಟಿ ಕೊಟ್ಟರೆ ಜೋಪಾನ. ಒಳಗೆ ನಿಲ್ಲೋ ಹಾಗಿಲ್ಲ. ಗಾಡಿ ಕೆಟ್ಟು ತಡವಾದರೆ ಇನ್ನೊಂದು ಗಾಡಿಯವರು ಮುಂದೆ ಹೋಗಿ ಚೆಕ್‌ಪೋಸ್ಟಿನಲ್ಲಿ ತಿಳಿಸಲಿ. ಹಾಂ, ಇಂಬಳ (ಜಿಗಣೆ). ಹುಲ್ಲಿನ ಮೇಲೆ ಮಂಡಿಯೂರಿ ಚಕ್ರ ಬಿಚ್ಚಿದರೆ ಅರ್ಧ ಗಂಟೆಯಲ್ಲಿ ಪ್ಯಾಂಟಿನೊಳಗೆ ಹತ್ತಿರುತ್ತೆ. ಉಪ್ಪಿನ ಪೊಟ್ಟಣ ಇರಲಿ.

ಘಟ್ಟದಲ್ಲಿ ನೆಟ್‌ವರ್ಕ್ ಹೋಗುತ್ತೆ. ಮ್ಯಾಪ್ ಮೊದಲೇ ಇಳಿಸಿಕೊಳ್ಳಿ, ಕಿಲೋಮೀಟರ್ ಕಲ್ಲಿನ ಸಂಖ್ಯೆ ನೋಡ್ತಾ ಹೋಗಿ. ಫೋನ್ ಸಿಕ್ಕಾಗ "ಕಳಸ ಆದ್ಮೇಲೆ ಒಂದು ಸೇತುವೆ ಹತ್ರ" ಅಂದರೆ ಯಾರಿಗೂ ಸಿಗಲ್ಲ, ಎಲ್ಲ ಸೇತುವೆನೂ ಒಂದೇ ಥರ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033, ಜೀವಕ್ಕೆ ತೊಂದರೆ ಅಂದರೆ 112. ಇನ್ಶೂರೆನ್ಸಿನಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್ ಸೇರಿಸಿದ್ದೀರಾ ಅಂತ ಪಾಲಿಸಿ ತೆಗೆದು ನೋಡಿ. ಸೇರಿಸಿದ್ದರೂ ಅದು ನಗರದಿಂದ ಎಷ್ಟು ಕಿಲೋಮೀಟರ್ ತನಕ ಬರುತ್ತೆ ಅನ್ನೋ ಸಾಲು ಓದಿ.

ಹೀರೊ, ಟಿವಿಎಸ್, ಬಜಾಜ್ ಬಿಡಿಭಾಗ ತಾಲ್ಲೂಕು ಊರಲ್ಲೂ ಸಿಗುತ್ತೆ. ಬುಲೆಟ್ಟಿನದಕ್ಕೆ ಹಾಸನ, ಚಿಕ್ಕಮಗಳೂರು, ಉಡುಪಿ, ಶಿವಮೊಗ್ಗ ಅಂತಲೇ ಲೆಕ್ಕ ಇಟ್ಟುಕೊಳ್ಳಿ. ಭಾನುವಾರ ಗ್ಯಾರೇಜ್ ಬಾಗಿಲು. ಬೇಕಾದ ಪಾರ್ಟ್ ಬೆಂಗಳೂರಿನಲ್ಲಿ ಸ್ನೇಹಿತರಿಂದ ಕೊಳ್ಳಿಸಿ ರಾತ್ರಿ ಬಸ್ಸಿಗೆ ಪಾರ್ಸೆಲ್ ಹಾಕಿಸಿದರೆ ಬೆಳಿಗ್ಗೆ ಬರುತ್ತೆ. ಕೆಎಸ್‌ಆರ್‌ಟಿಸಿಯ ಕಾರ್ಗೋ ಕೌಂಟರ್ ಇರೋ ನಿಲ್ದಾಣ ಕೇಳಿಕೊಳ್ಳಿ.

ಸಾಗಿಸೋದಾದರೆ ಗೂಡ್ಸ್ ಆಟೋ ಅಥವಾ ಪಿಕಪ್. ಬಾಡಿಗೆ ಹತ್ತಿಸೋ ಮೊದಲೇ ಮಾತಾಡಿ, ಇಳಿಸೋ ಜಾಗವೂ ಸೇರಿಸಿ. ಬುಲೆಟ್ 190 ಕೆಜಿ ಮೀರುತ್ತೆ, ಮೂರು ಜನ ಎತ್ತಿ ಹಾಕೋ ಸಾಹಸ ಬೇಡ. ರಸ್ತೆಗಿಂತ ಎತ್ತರದ ದಿಬ್ಬ ಇರೋ ಕಡೆ ಪಿಕಪ್ಪಿನ ಹಿಂಭಾಗ ತಾಗಿಸಿ ನಿಲ್ಲಿಸಿದರೆ ಹಲಗೆ ಮೇಲೆ ಸಲೀಸಾಗಿ ತಳ್ಳಬಹುದು. ಮುಂದಿನ ಚಕ್ರ ಕ್ಯಾಬಿನ್ ಗೋಡೆಗೆ ಒತ್ತಿ, ಒಂದನೇ ಗೇರ್ ಹಾಕಿ, ಪೆಟ್ರೋಲ್ ಕಾಕ್ ಮುಚ್ಚಿ. ಹಗ್ಗ ಹ್ಯಾಂಡಲ್ ಹಿಡಿಗೆ ಕಟ್ಟಬೇಡಿ, ಫೋರ್ಕ್ ಕೂರಿಸಿರೋ ದಪ್ಪ ಪಟ್ಟಿಗೆ ಎರಡೂ ಕಡೆಯಿಂದ ಕಟ್ಟಿ, ಮುಂದಿನ ಶಾಕ್ ಅರ್ಧ ಕುಸಿಯೋ ತನಕ ಬಿಗಿಯಿರಿ. ಸೈಡ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಕಟ್ಟಿದರೆ ಮೊದಲ ರೋಡ್ ಹಂಪ್‌ಗೇ ಸ್ಟ್ಯಾಂಡ್ ಬಾಗುತ್ತೆ.

ರೈಲಿಗೆ ಹಾಕೋದಾದರೆ ಹಾಸನ, ಮಂಗಳೂರು, ಶಿವಮೊಗ್ಗದಂಥ ದೊಡ್ಡ ನಿಲ್ದಾಣದ ಪಾರ್ಸೆಲ್ ಆಫೀಸಿಗೆ ಹೋಗಿ. ಆರ್‌ಸಿ ನಕಲು, ಗುರುತಿನ ಚೀಟಿ ಬೇಕು. ಟ್ಯಾಂಕ್ ಪೂರ್ತಿ ಖಾಲಿ ಇರಬೇಕು, ಕನ್ನಡಿ ಬಿಚ್ಚಿ, ಟ್ಯಾಂಕ್ ಮತ್ತು ಹೆಡ್‌ಲೈಟಿಗೆ ಗೋಣಿ ಸುತ್ತಿ, ಹೊರಡೋ ಊರು, ಸೇರೋ ಊರು ದಪ್ಪಕ್ಷರದಲ್ಲಿ ಬರೆದು ಎರಡು ಕಡೆ ಕಟ್ಟಿ. ನಿಮ್ಮ ಹತ್ತಿರ ಅದೇ ರೈಲಿನ ಟಿಕೆಟ್ ಇದ್ದರೆ ಲಗೇಜ್ ಅಂತ ಬುಕ್ ಮಾಡಿ, ನಿಮ್ಮ ಜೊತೆಗೇ ಬರುತ್ತೆ. ಪಾರ್ಸೆಲ್ ಅಂದರೆ ಯಾವ ರೈಲಿಗೆ ಹತ್ತುತ್ತೋ ಆ ರೈಲಿಗೆ.

ಹನ್ನೆರಡು ವೋಲ್ಟು

ಒಂದು ಸೇರಿಸ್ತೀನಿ. ಇನ್ನೊಂದು ಗಾಡಿಯವನು ಹಿಂದಿನಿಂದ ಕಾಲು ಕೊಟ್ಟು ತಳ್ಳಿಕೊಂಡು ಬರೋದು ನಗರದ ಸಮತಟ್ಟು ರಸ್ತೆಯ ಆಟ. ಘಟ್ಟದಲ್ಲಿ ಮಾಡಬೇಡಿ, ಹಗ್ಗ ಕಟ್ಟಿ ಎಳೆಯೋದಂತೂ ಬೇಡವೇ ಬೇಡ. ಬ್ಯಾಟರಿ ಅರೆಜೀವ ಇದ್ದರೆ ಬುಲೆಟ್ಟಿಗೆ ಕಿಕ್ಕರ್ ಸಾಕು. ಎಫ್ಐ ಗಾಡಿಯಲ್ಲಿ ಪಂಪಿನ ಗುಂಯ್ ಸದ್ದು ಬರ್ತಿದ್ದರೆ ಎರಡನೇ ಗೇರಿನಲ್ಲಿ ತಳ್ಳಿ ಹತ್ತಿಸಬಹುದು. ಮೀಟರೇ ಕಪ್ಪಾಗಿದ್ದರೆ ಎಷ್ಟು ತಳ್ಳಿದರೂ ಸುಸ್ತಾಗೋದು ನೀವೇ. ಆಗ ಕಾರಿನಿಂದ ಜಂಪ್ ಮಾಡಿ, ಕಾರಿನ ಎಂಜಿನ್ ಆಫ್ ಇರಲಿ. ಕೆಂಪು ಪ್ಲಸ್ಸಿಗೆ, ಕಪ್ಪು ನಿಮ್ಮ ಎಂಜಿನ್ನಿನ ಬರಿ ಲೋಹಕ್ಕೆ. ಹತ್ತಿದ ಮೇಲೆ ಕಪ್ಪು ಮೊದಲು ತೆಗೆಯಿರಿ.

ನೀರು ತುಂಬಿದ ರಸ್ತೆ ದಾಟುವಾಗ ಬಂದ್ ಆದರೆ ಸೆಲ್ಫ್ ಒತ್ತಬೇಡಿ. ಏರ್ ಫಿಲ್ಟರ್ ಒದ್ದೆ ಇದ್ದರೆ ಸಿಲಿಂಡರಿಗೆ ನೀರು ಹೋಗಿರಬಹುದು, ನೀರು ಕುಗ್ಗಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತೆ. ಪ್ಲಗ್ ಎರಡೂ ಬಿಚ್ಚಿ ಮೆಲ್ಲಗೆ ಕಿಕ್ ಹೊಡೆದು ನೀರು ಹೊರಗೆ ಹಾಕಿ. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣ ಆಗಿದ್ದರೆ ಬದಲಾಯಿಸದೆ ಓಡಿಸಬೇಡಿ.

ಬಯಲುಸೀಮೆ ಸವಾರ

ಭಾನುವಾರ ಹಿಂದಿನ ಚಕ್ರ ಬಿಚ್ಚಿ ನೋಡ್ತೀವಿ. ಬಿಚ್ಚಿ ಹಾಕಿದ ಮೇಲೆ ಚೈನ್ ಬಿಗಿ ಎಷ್ಟು ಇರಬೇಕು?

ಹಳೇ ಸ್ಪಾನರ್

ಚೈನಿನ ಕೆಳಗಿನ ಸಾಲನ್ನ ನಡುವೆ ಬೆರಳಿನಿಂದ ಮೇಲೆ ಕೆಳಗೆ ಆಡಿಸಿದರೆ ಒಟ್ಟು 25-30 ಮಿಮೀ. ಚಕ್ರ ತಿರುಗಿಸಿ ನಾಲ್ಕೈದು ಕಡೆ ನೋಡಿ, ಅತಿ ಬಿಗಿ ಇರೋ ಜಾಗದ ಲೆಕ್ಕ ಹಿಡಿಯಿರಿ. ಎರಡೂ ಕಡೆಯ ಅಡ್ಜಸ್ಟರ್ ಗುರುತು ಒಂದೇ ಗೆರೆಗೆ ಬರಬೇಕು. ಆಕ್ಸಲ್ ನಟ್ ಬಿಗಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಬಿಗಿಯುವಾಗ ಚಕ್ರ ಸ್ವಲ್ಪ ಸರಿಯುತ್ತೆ. ಡ್ರಮ್ ಬ್ರೇಕ್ ಆದರೆ ರಾಡ್ ನಟ್ ತಿರುಗಿಸಿ ಪೆಡಲ್ ಸರಿ ಮಾಡಿ, ಡಿಸ್ಕ್ ಆದರೆ ಓಡಿಸೋ ಮೊದಲು ಪೆಡಲ್ ಗಟ್ಟಿಯಾಗೋ ತನಕ ನಾಲ್ಕೈದು ಸಲ ಒತ್ತಿ. ಚಕ್ರ ಹಾಕಿದ ಮೇಲೆ ಮೊದಲ ಒತ್ತಿಗೆ ಬ್ರೇಕ್ ಇರಲ್ಲ.